ಗ್ರಂಥಿ ಯಾವುದು, ಗಡ್ಡೆ ಯಾವುದು?

ಬೇಲೂರಿನ ಚೆನ್ನಕೇಶವ ದೇವಾಲಯವು ಕ್ರಿ.ಶ. 1117ರಲ್ಲಿ ಪ್ರತಿಷ್ಠೆಗೊಂಡಿತು. ಅಲ್ಲಿಯ ಮತ್ತು ಹಳೇಬೀಡಿನ ಭಿತ್ತಿಗಳ ಸೂಕ್ಷ್ಮ ಕೆತ್ತನೆಯು ಓರೆಬಿಸಿಲಿನಲ್ಲಿ ಎದ್ದು ತೋರುತ್ತದೆ. ನೆರಳು ಮೂಡದ ಮಂದ ಬೆಳಕಿನಲ್ಲಿ ಅದೇ ಕೆತ್ತನೆಯು ಕಲ್ಲಿನ ಮೈಯೊಡನೆ ಬೆರೆತುಹೋಗುತ್ತದೆ. ಕಲ್ಲು ಬದಲಾಗದು, ಶಿಲ್ಪವೂ ಬದಲಾಗದು. ಭೇದವನ್ನು ತೋರಿಸುವುದು ಬೆಳಕು ಮತ್ತು ಅದು ಬೀಳುವ ಹೊತ್ತು. ಅರಸೀಕೆರೆ ಸೀಮೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ಸಂಗತಿಯು ವೈದ್ಯವಿಜ್ಞಾನದ ಒಂದು ಸೂಕ್ಷ್ಮ ಪರೀಕ್ಷೆಯನ್ನು ಅರಿಯಲು ನೆರವಾಗುತ್ತದೆ.

ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂಬದಿಗೆ, ಕುದುರೆಯ ಜೀನನ್ನು ಹೋಲುವ ಎಲುಬಿನ ಗುಳಿಯೊಂದಿದೆ. ಅದರಲ್ಲಿ ಕಡಲೆಕಾಳಿನಷ್ಟು ಗಾತ್ರದ, ಸುಮಾರು ಅರ್ಧ ಗ್ರಾಂ ತೂಕದ ಪಿಟ್ಯುಟರಿ ಗ್ರಂಥಿ ನೆಲೆಸಿದೆ. ಈ ನಿರ್ನಾಳ ಗ್ರಂಥಿಯ ಹಾರ್ಮೋನುಗಳು ದೇಹದ ಬೆಳವಣಿಗೆಯನ್ನೂ ಇತರ ಹಲವು ಗ್ರಂಥಿಗಳ ಕಾರ್ಯವನ್ನೂ ನಿಯಂತ್ರಿಸುತ್ತವೆ. ಇಲ್ಲಿ ಹುಟ್ಟುವ ಗಡ್ಡೆಗಳು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಆದರೂ ನಿರುಪದ್ರವಿಗಳೆಂದು ಹೇಳಲಾಗದು. ಬೆಳವಣಿಗೆಯ ಹಾರ್ಮೋನು ಅತಿಯಾದರೆ ವಯಸ್ಕರ ಕೈಕಾಲುಗಳೂ ದವಡೆಯೂ ದಪ್ಪವಾಗುತ್ತವೆ. 10 ಮಿಲಿಮೀಟರನ್ನು ಮೀರಿ ಮೇಲಕ್ಕೆ ಬೆಳೆದ ಗಡ್ಡೆಯು ದೃಷ್ಟಿನರಗಳು ಸಂಧಿಸುವ ಸ್ಥಳವನ್ನು ಒತ್ತಿ, ಎರಡೂ ಪಕ್ಕಗಳ ನೋಟವನ್ನು ಕುಗ್ಗಿಸಬಲ್ಲದು.

ಎಂ.ಆರ್.ಐ. ಎಂಬ ಚಿತ್ರಣವಿಧಾನವು ಎಕ್ಸ್-ಕಿರಣಗಳನ್ನು ಬಳಸದೆ, ಪ್ರಬಲ ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗಗಳಿಂದ ದೇಹದ ಒಳಭಾಗವನ್ನು ತೋರಿಸುತ್ತದೆ. ಈ ಶೋಧನೆಗಾಗಿ ಪಾಲ್ ಲಾಟರ್‌ಬರ್ ಹಾಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ಸಾಧಾರಣ ಚಿತ್ರದಲ್ಲಿ ಕಿರುಗಡ್ಡೆಯೂ ಗ್ರಂಥಿಯೂ ಒಂದೇ ಬೂದುಬಣ್ಣದಲ್ಲಿ ಕಾಣಬಹುದು. ಆಗ ಗ್ಯಾಡೋಲಿನಿಯಂ ಎಂಬ ಲೋಹಧಾತುವಿನ ಸಂಯುಕ್ತವನ್ನು ತೋಳಿನ ಸಿರೆಯ ಮೂಲಕ ಸೇರಿಸುತ್ತಾರೆ. ಬಿಡಿಯಾಗಿ ಈ ಲೋಹವು ವಿಷಕರ. ಆದುದರಿಂದ ಅದನ್ನು ಬೇರೊಂದು ಅಣುವಿನೊಳಗೆ ಬಂಧಿಸಿ ಕೊಡಲಾಗುತ್ತದೆ. ಅದು ತಲುಪಿದ ಭಾಗವು ಚಿತ್ರದಲ್ಲಿ ಬೆಳ್ಳಗಾಗುತ್ತದೆ.

ಇಲ್ಲಿ ಕಾಲವೇ ಮುಖ್ಯ. ಮಿದುಳಿನ ಬಹುಭಾಗವನ್ನು ಕಾಯುವ ರಕ್ತತಡೆಯು ಈ ಗ್ರಂಥಿಗಿಲ್ಲ, ರಕ್ತನಾಳಗಳಂತೂ ಹೇರಳ. ಹೀಗಾಗಿ ಆರೋಗ್ಯವಂತ ಗ್ರಂಥಿಯು ಔಷಧವನ್ನು ಬೇಗನೆ ಹೀರಿ ಬೆಳಗುತ್ತದೆ. ಕಿರುಗಡ್ಡೆಯು ಸಾಮಾನ್ಯವಾಗಿ ನಿಧಾನವಾಗಿ ಬೆಳಗುತ್ತದೆ. ಮೊದಲ ಒಂದೆರಡು ನಿಮಿಷಗಳಲ್ಲಿ ಬಿಳಿಯ ಗ್ರಂಥಿಯ ನಡುವೆ ಗಡ್ಡೆಯು ಕಪ್ಪಾಗಿ ಕಾಣುತ್ತದೆ. ತಡವಾದರೆ ಔಷಧವು ಗಡ್ಡೆಯನ್ನೂ ತುಂಬಿ ಭೇದವು ಅಳಿದುಹೋಗಬಹುದು. ಆದುದರಿಂದಲೇ 2ರಿಂದ 3 ಮಿಲಿಮೀಟರ್ ದಪ್ಪದ ಪದರಗಳ ಚಿತ್ರಗಳನ್ನು ಕೆಲವೇ ಸೆಕೆಂಡುಗಳ ಅಂತರದಲ್ಲಿ ಮರಳಿ ಮರಳಿ ತೆಗೆಯುತ್ತಾರೆ.

ಈ ಭೇದಜ್ಞಾನದಿಂದ ಆಗುವ ಪ್ರಯೋಜನವೇನು? ಶಸ್ತ್ರಚಿಕಿತ್ಸೆ ಅಗತ್ಯವಾದಲ್ಲಿ ವೈದ್ಯರು ಬಹುತೇಕ ಮೂಗಿನ ಮಾರ್ಗವಾಗಿಯೇ ಗಡ್ಡೆಯನ್ನು ತಲುಪುತ್ತಾರೆ. ಎಲ್ಲೆ ತಿಳಿದಿದ್ದರೆ ಗಡ್ಡೆಯನ್ನು ತೆಗೆದು ಗ್ರಂಥಿಯನ್ನು ಉಳಿಸುವುದು ಸುಲಭವಾಗುತ್ತದೆ. ಗ್ರಂಥಿಯೇ ನಷ್ಟವಾದರೆ ರೋಗಿಯು ಜೀವಮಾನವಿಡೀ ಹಾರ್ಮೋನುಗಳನ್ನು ಔಷಧರೂಪದಲ್ಲಿ ಸೇವಿಸಬೇಕಾದೀತು. ಪ್ರೊಲ್ಯಾಕ್ಟಿನ್ ಸ್ರವಿಸುವ ಗಡ್ಡೆಗಳಾದರೋ ಹೆಚ್ಚಾಗಿ ಮಾತ್ರೆಗಳಿಂದಲೇ ಕುಗ್ಗುತ್ತವೆ.

ಆದರೂ ಚಿತ್ರವೊಂದೇ ಪ್ರಮಾಣವಲ್ಲ. ಆರೋಗ್ಯವಂತರಲ್ಲಿಯೂ ನಿರಪಾಯಕರವಾದ ಸಣ್ಣ ಕಲೆಗಳು ಕಾಣುವುದುಂಟು. ಕುಶಿಂಗ್ ರೋಗಕ್ಕೆ ಕಾರಣವಾದ ಅತಿಸಣ್ಣ ಗಡ್ಡೆಯು ಚಿತ್ರದಲ್ಲಿ ಕಾಣದಿರುವುದೂ ಉಂಟು. ಆದುದರಿಂದ ರಕ್ತದ ಹಾರ್ಮೋನು ಪರೀಕ್ಷೆಯೂ ರೋಗಲಕ್ಷಣವೂ ಚಿತ್ರದೊಡನೆ ಹೊಂದಬೇಕು. ಮೂತ್ರಪಿಂಡದ ತೀವ್ರ ರೋಗವುಳ್ಳವರು, ಗರ್ಭಿಣಿಯರು, ದೇಹದೊಳಗೆ ಲೋಹದ ಉಪಕರಣವುಳ್ಳವರು ಪರೀಕ್ಷೆಗೆ ಮೊದಲೇ ಅದನ್ನು ತಿಳಿಸತಕ್ಕದ್ದು.

ನಮ್ಮ ನಾಡಿನಲ್ಲಿ ಮಿದುಳು ಮತ್ತು ನರಗಳ ಚಿಕಿತ್ಸೆಗೆ ಹೆಸರಾದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ರೂಪುಗೊಂಡಿತು. ಉಂಗುರವೂ ಪಾದರಕ್ಷೆಯೂ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದ್ದರೆ, ಪಕ್ಕದಲ್ಲಿ ಬರುವವರು ಕಾಣದಂತಾದರೆ, ಅದನ್ನು ವಯೋಧರ್ಮವೆಂದು ಬಗೆದು ಸುಮ್ಮನಿರಬಾರದು. ಶಿಲ್ಪವನ್ನು ಕಾಣಲು ಹೊತ್ತು ನೋಡಿ ಹೋಗುವಂತೆ, ರೋಗವನ್ನು ಕಾಣಲೂ ಹೊತ್ತು ಮೀರುವ ಮುನ್ನವೇ ವೈದ್ಯರ ಬಳಿಗೆ ಹೋಗುವುದು ವಿವೇಕ.