ದಾರಿ ಕೇಳುವ ಇಂಗ್ಲಿಷು



ಮುಂಬಯಿಗೆ ಬಂದ ಹೊಸತರಲ್ಲಿ ನಮ್ಮಲ್ಲಿ ಅನೇಕರಿಗೆ ದಾರಿ ಕೇಳಲು ಸಂಕೋಚ. ಹಿಂದಿ, ಮರಾಠಿ ಇನ್ನೂ ನಾಲಿಗೆಗೆ ಹತ್ತಿರುವುದಿಲ್ಲ. ಇಂಗ್ಲಿಷು ಓದಿ ಗೊತ್ತು, ಆಡಿ ಗೊತ್ತಿಲ್ಲ. ಆದರೆ ಸಂದರ್ಶನಕ್ಕೆ 10 ಗಂಟೆಗೆ ಕರೆದಿರುವಾಗ, ಬೀದಿ ತಪ್ಪಿ ಹತ್ತೂವರೆಗೆ ಹೋದವನ ಯೋಗ್ಯತೆಯನ್ನು ಯಾರು ವಿಚಾರಿಸುತ್ತಾರೆ? ಕೈಯಲ್ಲಿ ಫೋನಿನ ನಕ್ಷೆ ಇದ್ದರೂ, ಕಟ್ಟಡದ ಬಾಗಿಲು ಯಾವ ಕಡೆಗೆ ಎಂದು ಕೊನೆಗೆ ಮನುಷ್ಯನನ್ನೇ ಕೇಳಬೇಕಾಗುತ್ತದೆ.

"ವೇರ್ ಈಸ್ ದ ಟೌನ್ ಹಾಲ್?" ಎಂದರೆ ತಪ್ಪಲ್ಲ, ತುಸು ಒರಟು. "ಎಕ್ಸ್‌ಕ್ಯೂಸ್ ಮಿ, ಕುಡ್ ಯು ಟೆಲ್ ಮಿ ದ ವೇ ಟು ದ ಟೌನ್ ಹಾಲ್, ಪ್ಲೀಸ್?" ಎನ್ನೋಣ.

ಚರ್ಚ್‌ಗೇಟ್ ನಿಲ್ದಾಣವನ್ನು ಬೆನ್ನಿಗಿಟ್ಟು ವೀರ ನರಿಮನ್ ರಸ್ತೆಯಲ್ಲಿ ನಿಂತವನಿಗೆ ಸಿಗುವ ಉತ್ತರ ಹೀಗಿದ್ದೀತು: "ಟರ್ನ್ ಲೆಫ್ಟ್. ಗೋ ಸ್ಟ್ರೇಟ್, ಪಾಸ್ಟ್ ಫ್ಲೋರಾ ಫೌಂಟನ್, ಟು ಹಾರ್ನಿಮನ್ ಸರ್ಕಲ್. ದ ಟೌನ್ ಹಾಲ್ ಈಸ್ ಆನ್ ದ ಫಾರ್ ಸೈಡ್ ಆಫ್ ದ ಗಾರ್ಡನ್." ಎಡಕ್ಕೆ ತಿರುಗಿ ನೇರವಾಗಿ ನಡೆಯಬೇಕು, ತೋಟದ ಆಚೆ ಬದಿಗೆ ಟೌನ್ ಹಾಲ್. ಇಲ್ಲಿ "ಪಾಸ್ಟ್" ಎಂಬ ಸಣ್ಣ ಮಾತನ್ನು ಗಮನಿಸಿರಿ. ಕಾರಂಜಿಯ ಬಳಿ ನಿಲ್ಲಬಾರದು, ಅದನ್ನು ದಾಟಿ ಹೋಗಬೇಕು.

ಇಂಥ ಸಣ್ಣ ಮಾತುಗಳೇ ದಾರಿ ತಪ್ಪಿಸುವುವು. ನಮ್ಮ "ಎದುರು" ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಎರಡು. "ಇನ್ ಫ್ರಂಟ್ ಆಫ್ ದ ಬ್ಯಾಂಕ್" ಎಂದರೆ ಬ್ಯಾಂಕಿನ ಬಾಗಿಲ ಮುಂದೆ, ರಸ್ತೆಯ ಅದೇ ಬದಿಯಲ್ಲಿ. "ಆಪೊಸಿಟ್ ದ ಬ್ಯಾಂಕ್" ಎಂದರೆ ರಸ್ತೆಯ ಆಚೆ ಬದಿಯಲ್ಲಿ. ಬಸ್ ನಿಲ್ದಾಣದ ವಿಷಯದಲ್ಲಿ ಇದು ತಪ್ಪಿದರೆ ಬಸ್ಸು ನಮ್ಮನ್ನು ತಿರುವುಮುರುವು ದಿಕ್ಕಿಗೆ ಒಯ್ಯುತ್ತದೆ! "ಸೆಕೆಂಡ್ ಟರ್ನಿಂಗ್ ಆನ್ ದ ಲೆಫ್ಟ್" ಎಂದಾಗ ಎಡಗಡೆಯ ಬೀದಿಗಳನ್ನು ಮಾತ್ರ ಎಣಿಸಬೇಕು.

ಉತ್ತರ ಕೇಳಿದ ಮೇಲೆ ಒಮ್ಮೆ ತಿರುಗಿ ಹೇಳಿ ಖಚಿತಪಡಿಸಿಕೊಳ್ಳೋಣ. ಆಗ "ಈಸ್ ದಟ್ ರೈಟ್?" ಎನ್ನುವುದು ಬೇಡ, "ರೈಟ್" ಎಂದರೆ ಸರಿಯೂ ಹೌದು, ಬಲಗಡೆಯೂ ಹೌದು. "ಈಸ್ ದಟ್ ಕರೆಕ್ಟ್?" ಎಂದರೆ ಗೊಂದಲವಿಲ್ಲ.

ಹೆಸರುಗಳೂ ಎರಡೆರಡು ಗೊತ್ತಿರಲಿ. ವಿಕ್ಟೋರಿಯಾ ಟರ್ಮಿನಸ್ಸಿಗೆ 1996ರಲ್ಲಿ ಛತ್ರಪತಿ ಶಿವಾಜಿಯವರ ಹೆಸರು ಬಂತು. 2017ರಲ್ಲಿ "ಮಹಾರಾಜ್" ಎಂದು ಸೇರಿತು. ಜನರ ಬಾಯಲ್ಲಿ ಇಂದಿಗೂ ವಿ.ಟಿ. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣವು 2018ರಿಂದ ಪ್ರಭಾದೇವಿ.

ಇನ್ನು ದಾರಿ ಹೇಳುವ ಸರದಿ ನಮ್ಮದಾದಾಗ, ತಿಳಿಯದಿದ್ದರೆ "ಐ ಯಾಮ್ ಸಾರಿ, ಐ ಡೋಂಟ್ ನೋ" ಎಂದುಬಿಡೋಣ. ದಾಕ್ಷಿಣ್ಯಕ್ಕೆ ತೋರಿಸಿದ ತಪ್ಪು ದಾರಿಯಿಂದ ಇನ್ನೊಬ್ಬನ ಒಂದು ದಿನದ ಕೂಲಿ ಹೋದೀತು.

ಅಭ್ಯಾಸ: ನಮ್ಮ ವಾಚನಾಲಯದಿಂದ ಹತ್ತಿರದ ರೈಲು ನಿಲ್ದಾಣಕ್ಕೆ ಹೋಗುವ ದಾರಿಯನ್ನು ಇಬ್ಬಿಬ್ಬರಾಗಿ ಕೂತು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಿರಿ, ಒಬ್ಬರು ಕೇಳಿರಿ, ಒಬ್ಬರು ತಿದ್ದಿರಿ.