ಗುಂಡ್ಯದ ಮಾಹಿತಿ ಒಂದೇ ಕಡೆ ಇರಲಿ

ಶಿರಾಡಿ ಘಾಟಿ ಇಳಿದು ಬಂದರೆ ಗುಂಡ್ಯ. ಬೆಂಗಳೂರು ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುವವರು ಇಲ್ಲಿ ಹೆದ್ದಾರಿ ಬಿಟ್ಟು ತಿರುಗುತ್ತಾರೆ. ಊರು ಚಿಕ್ಕದು. ಆದರೆ ಪ್ರವಾಸ ಮಾಹಿತಿಯ ದೊಡ್ಡ ಜಾಲತಾಣದಲ್ಲಿ ಕುಕ್ಕೆ, ಸಕಲೇಶಪುರ, ಧರ್ಮಸ್ಥಳ, ಮಂಗಳೂರು ಎಂದು ಹತ್ತಾರು ಪುಟಗಳಲ್ಲಿ ಇದರ ಹೆಸರು ಬರುತ್ತದೆ. ಅವನ್ನೆಲ್ಲ ಒಂದೊಂದಾಗಿ ತಿದ್ದುವವರ ಪಾಡು ಕೇಳಬೇಡಿ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಬಂದು 48 ಇದ್ದದ್ದು 75 ಆಯಿತು. ಪುತ್ತೂರು ತಾಲ್ಲೂಕಿನಲ್ಲಿದ್ದ ಊರು ಆಮೇಲೆ ಕಡಬ ತಾಲ್ಲೂಕಿಗೆ ಸೇರಿತು. 2018ರ ಆಗಸ್ಟ್‌ನಲ್ಲಿ ಆದಂತೆ ಗುಡ್ಡ ಜರಿದರೆ ರಸ್ತೆಯೇ ಬಂದ್. ಪ್ರತಿ ಸಲವೂ ಎಲ್ಲ ಪುಟ ತಿದ್ದುವ ಈ ಪಾಡಿಗೆ ಮದ್ದು, ಮಾಹಿತಿಯನ್ನೂ ವಿನ್ಯಾಸವನ್ನೂ ಬೇರೆ ಬೇರೆ ಇಡುವುದು.

ಮೊದಲ ಕೆಲಸ ಬೇಸರದ್ದು. ಎಲ್ಲ ಪುಟಗಳನ್ನೂ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಒಂದೇ ಸಂಗತಿ ಎಲ್ಲೆಲ್ಲಿ ಮರುಕಳಿಸಿದೆ ಎಂದು ಗುರುತು ಹಾಕಿ.

ಆಮೇಲೆ ಮಾಹಿತಿಯನ್ನು ಖಾನೆಗಳಾಗಿ ಒಡೆಯಿರಿ: ಊರು, ತಾಲ್ಲೂಕು, ಹೆದ್ದಾರಿ ಸಂಖ್ಯೆ, ರಸ್ತೆಯ ಸ್ಥಿತಿ, ಬದಲಿ ದಾರಿ, ತಿದ್ದಿದ ದಿನಾಂಕ. ಡ್ರೂಪಲ್‌ನಲ್ಲಿ ಇದಕ್ಕೆ ಕಂಟೆಂಟ್ ಟೈಪ್, ವರ್ಡ್‌ಪ್ರೆಸ್‌ನಲ್ಲಿ ಕಸ್ಟಮ್ ಪೋಸ್ಟ್ ಟೈಪ್ ಎನ್ನುತ್ತಾರೆ. ಗುಂಡ್ಯಕ್ಕೆ ಒಂದೇ ದಾಖಲೆ ಇರಲಿ. ಉಳಿದ ಪುಟಗಳು ಅಲ್ಲಿಂದಲೇ ಎತ್ತಿಕೊಳ್ಳಲಿ. ಖಾನೆಯೊಳಗೆ ಬಣ್ಣ, ಅಕ್ಷರದ ಗಾತ್ರ ತುರುಕಬೇಡಿ. ‘ಬಲಗಡೆಯ ಪಟ್ಟಿ ನೋಡಿ’ ಎಂದೂ ಬರೆಯಬೇಡಿ, ಮೊಬೈಲ್‌ನಲ್ಲಿ ಆ ಪಟ್ಟಿ ಕೆಳಗೆ ಹೋಗಿರುತ್ತದೆ.

ಬಣ್ಣ, ಅಳತೆಗಳ ಕೆಲಸ ಟೆಂಪ್ಲೇಟ್ ಮತ್ತು ಸಿಎಸ್‌ಎಸ್‌ಗೆ ಬಿಟ್ಟದ್ದು. ಸಿಎಸ್‌ಎಸ್ ಬಂದದ್ದು 1996ರಲ್ಲಿ, ಇದೇ ಉದ್ದೇಶಕ್ಕೆ. ಯಕ್ಷಗಾನದಲ್ಲಿ ಪ್ರಸಂಗ ಒಂದೇ ಇದ್ದರೂ ತೆಂಕಿನ ವೇಷ ಬೇರೆ, ಬಡಗಿನ ವೇಷ ಬೇರೆ. ವೇಷ ಬದಲಿಸಲು ಯಾರೂ ಪದ್ಯ ತಿದ್ದುವುದಿಲ್ಲವಲ್ಲ! ಕೇಂದ್ರ ಸರ್ಕಾರದ ಎನ್‌ಐಸಿಯ ಎಸ್3ವಾಸ್ ಎಂಬ ಜಾಲತಾಣ ವ್ಯವಸ್ಥೆಯಲ್ಲಿರುವ ಜಿಲ್ಲಾ ಜಾಲತಾಣಗಳನ್ನು ನೋಡಿ. ಚೌಕಟ್ಟು ಹಂಚಿಕೆಯದು, ಮಾಹಿತಿ ಆಯಾ ಜಿಲ್ಲೆಯದು.

ಕನ್ನಡದವರಿಗೆ ಇನ್ನೊಂದು ತಲೆನೋವಿದೆ. ಯೂನಿಕೋಡ್‌ಗೆ ಮೊದಲು ನುಡಿ, ಬರಹ ಫಾಂಟುಗಳಲ್ಲಿ ಕೂರಿಸಿದ ಪಠ್ಯಕ್ಕೆ ಆ ಫಾಂಟೇ ಜೀವ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಚಿಹ್ನೆಗಳು. ಅಕ್ಷರವೇ ವಿನ್ಯಾಸಕ್ಕೆ ಅಂಟಿಕೊಂಡ ಸ್ಥಿತಿ ಅದು. ಹಳೆಯ ಕಡತಗಳನ್ನು ಮೊದಲು ಯೂನಿಕೋಡ್‌ಗೆ ತನ್ನಿ. ಪರಿವರ್ತಕದ ಮೇಲೆ ಪೂರ್ತಿ ಭರವಸೆ ಬೇಡ. ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ.

ಮಾಹಿತಿ ತಿದ್ದುವವರಿಗೆ ಟೆಂಪ್ಲೇಟ್ ಮುಟ್ಟುವ ಅಧಿಕಾರ ಕೊಡಬೇಡಿ. ವಿನ್ಯಾಸಕಾರರಿಗೆ ರಸ್ತೆಯ ಸುದ್ದಿ ಬರೆಯುವ ಅಧಿಕಾರವೂ ಬೇಡ.

ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು ಪರೀಕ್ಷೆ ಮಾಡಿ. ಗುಂಡ್ಯದ ದಾಖಲೆಯಲ್ಲಿ ‘ಘಾಟಿ ಬಂದ್’ ಎಂದು ಬರೆದು, ಎಷ್ಟು ಪುಟಗಳಲ್ಲಿ ಇನ್ನೂ ‘ಸಂಚಾರಕ್ಕೆ ಮುಕ್ತ’ ಎಂದಿದೆ ಎಣಿಸಿ. ಇದನ್ನು ನಕಲು ಸೈಟಿನಲ್ಲೇ ಮಾಡಿ. ಅಸಲಿನಲ್ಲಿ ಮಾಡಿದರೆ ಕುಕ್ಕೆಗೆ ಹೊರಟವರು ಸುಮ್ಮನೆ ಚಾರ್ಮಾಡಿ ಘಾಟಿ ಸುತ್ತಿ ಬಂದಾರು.