ಕಬ್ಸ್ ಸೇರಿದ ಮಗುವಿಗೆ ಚಾಕು ಕೊಳ್ಳುವ ಮುನ್ನ

ಇಂಗ್ಲೆಂಡಿಗೆ ಹೊಸದಾಗಿ ಬಂದ ಅಪ್ಪ ಅಮ್ಮಂದಿರು ಕೂಟದ ಊಟದ ಸಾಲಿನಲ್ಲಿ ನಿಂತು ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಎಂಟು ವರ್ಷದ ಮಗ ಸ್ಕೌಟ್‌ಗಳ ಕಿರಿಯರ ದಳವಾದ ಕಬ್ಸ್ ಸೇರಿದ್ದಾನೆ, ಕ್ಯಾಂಪಿನಲ್ಲಿ ಕಡ್ಡಿ ಕೆತ್ತೋದು ಹೇಳಿಕೊಟ್ಟಿದ್ದಾರೆ, ಈಗ ತನಗೂ ಒಂದು ಚಾಕು ಬೇಕು ಅಂತ ಹಟ ಹಿಡಿದಿದ್ದಾನೆ, ಏನು ಮಾಡೋಣ? ಟೀವಿ ಹಾಕಿದರೆ ಚಾಕು ಇರಿತದ ಸುದ್ದಿ. ಅದೇ ಊರಿನ ಸ್ಕೌಟ್ ಲೀಡರ್ ಮಕ್ಕಳನ್ನು ಕೂರಿಸಿಕೊಂಡು ಚಾಕು ಹಿಡಿಯುವುದು ಕಲಿಸುತ್ತಾರೆ. ತಲೆ ಕೆಡದೆ ಇರುತ್ತದೆಯೇ?

ಕೊಡಿಸಬಹುದು. ಆದರೆ ಯಾವ ಬ್ರ್ಯಾಂಡ್ ಅಂತ ಯೋಚಿಸುವ ಮೊದಲು ಕಾನೂನು ತಿಳಿದಿರಲಿ, ಏಕೆಂದರೆ ಇಲ್ಲಿ ಒಂದು ವಿಚಿತ್ರವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ, ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಚಾಕು ಇಟ್ಟುಕೊಂಡು ಓಡಾಡುವುದು ಅಪರಾಧ. ವಿನಾಯಿತಿ ಇರುವುದು ಮಡಚುವ ಚಾಕುವಿಗೆ ಮಾತ್ರ, ಅದೂ ಹರಿತವಾದ ಭಾಗ ಮೂರು ಇಂಚು, ಅಂದರೆ 7.62 ಸೆಂಟಿಮೀಟರ್ ಮೀರದಿದ್ದರೆ. ತೆರೆದ ಮೇಲೆ ಲಾಕ್ ಆಗಿ ನಿಲ್ಲುವ ಚಾಕುವನ್ನು ಇಲ್ಲಿನ ನ್ಯಾಯಾಲಯಗಳು ‘ಮಡಚುವ ಚಾಕು’ ಅಂತ ಒಪ್ಪುವುದಿಲ್ಲ, ಅಲಗು ಎಷ್ಟೇ ಚಿಕ್ಕದಿರಲಿ. ಲಾಕ್ ಇದ್ದರೆ ಬೆರಳಿನ ಮೇಲೆ ಮಡಚಿಕೊಳ್ಳುವುದಿಲ್ಲ, ಮಗುವಿಗೆ ಅದೇ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸುತ್ತದೆ. ಕಾನೂನಿನ ಕಣ್ಣಿಗೆ ಅದೇ ಹೆಚ್ಚು ಅಪಾಯದ್ದು.

ಮಕ್ಕಳಿಗೆಂದೇ ಮಾಡಿದ ಎರಡು ಚಾಕುಗಳು ಇಲ್ಲಿ ಸುಲಭವಾಗಿ ಸಿಗುತ್ತವೆ. ಫ್ರಾನ್ಸಿನ ಒಪಿನೆಲ್ ಕಂಪನಿಯ ‘ಮೈ ಫಸ್ಟ್ ಒಪಿನೆಲ್’ ನೋಡಲು ಬಲು ಚೆಂದ: ಮರದ ಹಿಡಿ, ಮೊಂಡಾದ ದುಂಡು ತುದಿ, ಅಲಗನ್ನು ಹಿಡಿದು ನಿಲ್ಲಿಸಲು ತಿರುಗಿಸುವ ಲೋಹದ ಬಳೆ. ಆದರೆ ಆ ಬಳೆಯೇ ಲಾಕ್, ಅಲಗು ಬೇರೆ 8 ಸೆಂಟಿಮೀಟರ್. ಎರಡು ಲೆಕ್ಕದಲ್ಲೂ ವಿನಾಯಿತಿಯಿಂದ ಹೊರಗೆ. ಸ್ವಂತ ಹಿತ್ತಿಲಲ್ಲಿ ಬಳಸಲು ಅಡ್ಡಿಯಿಲ್ಲ. ಕ್ಯಾಂಪಿಗೆ ಒಯ್ಯುವುದು ಸರಿಯಾದ ಕಾರಣವೇ, ಆದರೆ ಅದನ್ನು ಸಾಬೀತು ಮಾಡುವ ಹೊಣೆ ಒಯ್ದವರದು. ಹೊಸದಾಗಿ ಬಂದವರಿಗೆ ಆ ಉಸಾಬರಿ ಬೇಡ ಅನ್ನುತ್ತೇನೆ. ಇನ್ನೊಂದು ಸ್ವಿಟ್ಜರ್‌ಲೆಂಡಿನ ‘ಮೈ ಫಸ್ಟ್ ವಿಕ್ಟೋರಿನಾಕ್ಸ್’. ಮಡಚಿದಾಗ 84 ಮಿಲಿಮೀಟರ್ ಉದ್ದ, ಅಲಗು ಮೂರು ಇಂಚಿನೊಳಗೆ, ತುದಿ ದುಂಡು, ಲಾಕ್ ಇಲ್ಲ. ನನ್ನ ಮತ ಇದಕ್ಕೇ.

ಆದರೂ ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಈ ಚಾಕುವಿನ ಸ್ಪ್ರಿಂಗ್ ಬಿಗಿ, ಅಲಗಿನ ಮೇಲಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದೇ ತೆರೆಯಬೇಕು. ಮಗುವಿನ ಉಗುರಿಗೆ ಅದು ಆಗದಿದ್ದರೆ ಹಲ್ಲು ಹಾಕುತ್ತದೆ. ನೀವು ನೋಡುತ್ತಿರುವಾಗ ತಾನೇ ತೆರೆದು ತಾನೇ ಮುಚ್ಚಲು ಬರದಿದ್ದರೆ ಇನ್ನೊಂದು ವರ್ಷ ಕಾಯಲಿ. ದುಡ್ಡು ಕೊಡುವುದು, ವಯಸ್ಸಿನ ದಾಖಲೆ ತೋರಿಸುವುದು ನಿಮ್ಮದೇ ಕೆಲಸ. ಅನೇಕ ಅಂಗಡಿಯವರು ಎಷ್ಟೇ ಚಿಕ್ಕ ಚಾಕುವಾದರೂ 18 ತುಂಬದವರಿಗೆ ಕೊಡುವುದಿಲ್ಲ. ಊರಿನಿಂದ ಬರುವ ಚಿಕ್ಕಪ್ಪಂದಿರಿಗೂ ಮೊದಲೇ ಒಂದು ಮಾತು ಹೇಳಿಬಿಡಿ: ಸಂತೆಯಲ್ಲಿ ಸಿಗುವ, ಗುಂಡಿ ಒತ್ತಿದರೆ ಟಕ್ಕೆಂದು ತೆರೆದುಕೊಳ್ಳುವ ಚಾಕು ಉಡುಗೊರೆಯಾಗಿ ಬೇಡ. 2021ರಿಂದ ಅದನ್ನು ಮನೆಯ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ.

ಕಲಿಸುವ ವಿಷಯಕ್ಕೆ ಬಂದರೆ ನಮ್ಮವರಿಗೆ ಒಂದು ತೊಡಕಿದೆ. ಈಳಿಗೆ ಮಣೆಯ ಮುಂದೆ ಕೂತು ಬೆಳೆದ ಕೈಗೆ ಅಲಗು ಒಂದೇ ಕಡೆ ಗಟ್ಟಿಯಾಗಿ ನಿಂತಿರುತ್ತದೆ, ಬದನೆಕಾಯಿ ಅದರತ್ತ ಹೋಗುತ್ತದೆ. ಕಡ್ಡಿ ಕೆತ್ತುವಾಗ ಕಡ್ಡಿ ನಿಲ್ಲಬೇಕು, ಅಲಗು ಮೈಯಿಂದ ಆಚೆಗೆ ಸರಿಯಬೇಕು. ಮಗುವಿಗೆ ಹೇಳುವ ಮೊದಲು ನೀವೇ ಒಂದೆರಡು ಕಡ್ಡಿಯ ಸಿಪ್ಪೆ ಹೆರೆದು ನೋಡಿ. ಕೂತೇ ಕೆತ್ತಬೇಕು, ಮೊಣಕೈಗಳು ಮಂಡಿಯ ಮೇಲೆ, ಕೆಲಸ ಮಂಡಿಗಿಂತ ಮುಂದೆ. ಎರಡು ತೊಡೆಗಳ ನಡುವಿನ ಜಾಗಕ್ಕೆ ಚಾಕು ಬರಲೇಬಾರದು. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳವಿದೆ. ಕೈ ಚಾಚಿ ಸುತ್ತ ಒಂದು ಸುತ್ತು ತಿರುಗಿಸಿದರೆ ಯಾರಿಗೂ ತಾಗಬಾರದು, ತಂಗಿ ಪುಟ್ಟಿಗೂ. ಕಡ್ಡಿ ಹಿಡಿದ ಕೈಗೆ ದಪ್ಪ ಗ್ಲೌಸ್ ಇರಲಿ, ಚಾಕು ಹಿಡಿದ ಕೈಗೆ ಬೇಡ. ಒಣಗಿದ ಕಟ್ಟಿಗೆಗಿಂತ ಆಗಷ್ಟೇ ಕಡಿದ ಹೇಜಲ್ ಕಡ್ಡಿ ಮೆತ್ತಗೆ ಹೆರೆಯುತ್ತದೆ.

ಲಾಕ್ ಇಲ್ಲದ ಚಾಕುವಿನಿಂದ ಚುಚ್ಚುವುದು, ತೂತು ಕೊರೆಯುವುದು ಕೂಡದು. ತುದಿಗೆ ಭಾರ ಬಿದ್ದರೆ ಅಲಗು ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ಮುಚ್ಚುವಾಗ ಬೆರಳುಗಳನ್ನು ಹಿಡಿಯ ಸೀಳಿನಿಂದ ದೂರವಿಟ್ಟು ಅಲಗಿನ ಬೆನ್ನನ್ನು ಇನ್ನೊಂದು ಅಂಗೈಯಿಂದ ಒತ್ತಬೇಕು. ಇನ್ನು ‘ಮಕ್ಕಳದ್ದು ತಾನೇ’ ಅಂತ ಮೊಂಡು ಬಿಡಬೇಡಿ. ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದಾಗಲೇ ಜಾರುವುದು. ಸಣ್ಣ ಗಾಯ ಆಗಿಯೇ ಆಗುತ್ತದೆ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುನಡುವೆ ಎತ್ತಿ ನೋಡಬೇಡಿ. ರಕ್ತ ನಿಲ್ಲದಿದ್ದರೆ ಎ ಅಂಡ್ ಇಗೆ ಹೋಗಿ. ಊರಿನ ಲಸಿಕೆ ಕಾರ್ಡನ್ನು ಜಿಪಿ ಬಳಿ ಇನ್ನೂ ದಾಖಲಿಸದಿದ್ದರೆ ಈ ವಾರವೇ ಮಾಡಿಸಿ. ಟೆಟನಸ್ ಲೆಕ್ಕ ಆಗ ಕೇಳುತ್ತಾರೆ.

ನಿಜವಾದ ಫಜೀತಿ ಆಗುವುದು ಜಾಕೆಟ್ಟಿನಿಂದ. ಶುಕ್ರವಾರ ಸಂಜೆ ಕಬ್ಸ್‌ಗೆ ತೊಟ್ಟ ಜಾಕೆಟ್ಟೇ ಸೋಮವಾರ ಶಾಲೆಗೂ ಹೋಗುತ್ತದೆ, ಜೇಬಿನಲ್ಲಿದ್ದದ್ದೂ ಜೊತೆಗೆ ಹೋಗುತ್ತದೆ. ಮೂರಿಂಚಿನ ವಿನಾಯಿತಿ ನೆಚ್ಚಿಕೊಂಡು ಶಾಲೆಯ ಗೇಟು ದಾಟಬೇಡಿ. ಚಾಕು ಇದೆ ಅನ್ನುವ ಗುಮಾನಿ ಬಂದರೆ ಮಗು ಒಪ್ಪದಿದ್ದರೂ ಚೀಲ ತಡಕುವ ಅಧಿಕಾರ ಇಂಗ್ಲೆಂಡಿನ ಮುಖ್ಯೋಪಾಧ್ಯಾಯರಿಗಿದೆ. ಇಲ್ಲಿ ಕ್ರಿಮಿನಲ್ ಹೊಣೆಗಾರಿಕೆ ಹತ್ತನೇ ವಯಸ್ಸಿಗೇ ಶುರು. ಹಾಗಾಗಿ ಚಾಕು ಮಗುವಿನದೇ ಆದರೂ ಜಾಗ ನಿಮ್ಮ ಅಡುಗೆಮನೆಯ ಮೇಲಿನ ಕಪಾಟು. ಕೇಳಿ ತೆಗೆದುಕೊಳ್ಳಲಿ, ಒರೆಸಿ ವಾಪಸು ಕೊಡಲಿ. ಕ್ಯಾಂಪಿಗೆ ತರಬಹುದೇ ಅಂತ ಲೀಡರನ್ನು ಮೊದಲೇ ಕೇಳಿ; ಎಷ್ಟೋ ಕಡೆ ಅವರೇ ಚಾಕು ಕೊಟ್ಟು ಅವರೇ ಎಣಿಸಿಕೊಳ್ಳುತ್ತಾರೆ.

ಬೇಸಿಗೆ ರಜೆಗೆ ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಮಗುವಿನ ಬೆನ್ನುಚೀಲದ ಜೇಬುಗಳನ್ನೂ ಒಮ್ಮೆ ತಡಕಿ. ಅಜ್ಜನಿಗೆ ತೋರಿಸಲೆಂದು ಅದನ್ನು ತುರುಕಿಟ್ಟಿರುವ ಸಾಧ್ಯತೆ ಇದ್ದೇ ಇದೆ. ಹಾಗಿದ್ದರೆ ಚೆಕ್-ಇನ್ ಸೂಟ್‌ಕೇಸಿಗೆ ಸೇರಿಸಿ.